ಮೊಣಕಾಲಿನ ಸಾಕ್ಷಿ

ಪುಟ್ಟತಾಯಮ್ಮನ ಕಾಲುಗಳಲ್ಲಿ ನೋವಿತ್ತು, ಬಲವಿರಲಿಲ್ಲ. ಅತ್ತೆ ಶಿವಗಂಗಮ್ಮ ಬಳೆಚೂರು ಕಾಯಿಸಿ ಪಾದಕ್ಕೆ ಬರೆ ಇಟ್ಟಾಗ ಅವಳು ಚೀರಿದಳು. ಕಾಲು ಮಾತ್ರ ಇಟ್ಟಲ್ಲೇ ಇತ್ತು.

“ನೋಡ್ಲಾ ಕೆಂಪಣ್ಣ, ಸುಟ್ಟಿದ್ದು ಗೊತ್ತಾಯ್ತದೆ, ಎದ್ದು ನಿಲ್ಲಾಕೆ ಮಾತ್ರ ಆಗಾಕಿಲ್ವಂತೆ,” ಎಂದು ಶಿವಗಂಗಮ್ಮ ಮಗನಿಗೆ ತೋರಿಸಿದಳು. “ನಾಟ್ಕ ಕಣ್ಲಾ.”

ಸಾವಿರದ ಒಂಬೈನೂರ ಐವತ್ತೇಳರ ಫ್ಲೂ ಜ್ವರ ಅವರ ಊರು ಕಟ್ಟಾಯದ ಮನೆಮನೆಗೂ ನುಗ್ಗಿತ್ತು. ಅತ್ತೆ ನಾಲ್ಕನೇ ದಿನವೇ ಎದ್ದು ಹೊಲಕ್ಕೆ ಹೋದಳು. ಸೊಸೆಯೂ ಎದ್ದಳು, ಆದರೆ ಹತ್ತು ದಿನ ಕಳೆದು, ನೀರು ಹೊತ್ತು ತರುವಾಗ ಬಾಗಿಲಲ್ಲೇ ಕುಸಿದಳು. ಮರುದಿನ ಎರಡೂ ಕಾಲು ಸೊಂಟದವರೆಗೂ ಸೋತಿದ್ದವು. ಕೆಲಸಗಳ್ಳಿ ಎಂದು ಅತ್ತೆ ಊರಿಗೆಲ್ಲ ಸಾರಿದಳು. ಶುಕ್ರವಾರ ಅವಳನ್ನು ಅರಕಲಗೂಡಿನ ತವರಿಗೆ ಬಿಟ್ಟುಬರುವುದು, ಮಗನಿಗೆ ಬೇರೆ ಹೆಣ್ಣು ತರುವುದು ಎಂದಾಯಿತು. ಮೂರು ವರ್ಷದ ಮಗಳು ಮಾತ್ರ ಇಲ್ಲೇ ಇರಬೇಕು. ಅಮ್ಮನಿಗೆ ಎಂದೂ ಎದುರಾಡದ ಕೆಂಪಣ್ಣ ಗಾಡಿ ಕಟ್ಟಿದ.

“ಮಗೂನ... ಒಂದ್ಸಲ... ಎತ್ಕೊಡಿ,” ಎಂದಳು ಪುಟ್ಟತಾಯಮ್ಮ. ಮೂರು ಮಾತಿನ ನಡುವೆ ಎರಡು ಸಲ ಉಸಿರು ಸಾಲದಾಯಿತು. ಕಾಲಿನ ಜೊತೆ ಉಸಿರೂ ಸೋಲುತ್ತಿರುವುದನ್ನು ಕೆಂಪಣ್ಣ ಕೇಳಿಸಿಕೊಂಡ. ಕೂಡುರಸ್ತೆಯಲ್ಲಿ ಅವನು ಎತ್ತುಗಳನ್ನು ತವರಿನ ದಾರಿ ಬಿಟ್ಟು ಹಾಸನದ ಆಸ್ಪತ್ರೆಯ ಕಡೆಗೆ ತಿರುಗಿಸಿದ. ಜೊತೆಗೆ ಬಂದಿದ್ದ ಶಿವಗಂಗಮ್ಮ ದಾರಿಯುದ್ದಕ್ಕೂ ಬೈದಳು. ಅವನು ಹಿಂದಿರುಗಿ ನೋಡಲಿಲ್ಲ.

ಆಸ್ಪತ್ರೆಯ ಡಾಕ್ಟರು ಅನಸೂಯಮ್ಮ ಮೊದಲು, ನಾಟಕವೆಂದು ದೂರಿದ ಅತ್ತೆಯನ್ನೇ ಬೆಂಚಿನ ಮೇಲೆ ಕೂರಿಸಿದರು. ಪುಟ್ಟ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿದರು. ಬೇಡವೆಂದರೂ ಕಾಲು ಛಕ್ಕನೆ ಹಾರಿತು. ಸೊಸೆಗೂ ತಟ್ಟಿದರು. ಒಮ್ಮೆ, ಎರಡು ಸಲ... ಕಾಲು ಅಲುಗಲಿಲ್ಲ.

“ಇದನ್ನ ಯಾರೂ ನಟಿಸೋಕಾಗಲ್ಲ, ತಾಯಿ.”

“ಸುಟ್ರೆ ಅಳ್ತಾಳಲ್ಲವ್ವಾ?”

“ನೋವು ತಿಳಿಸೋ ನರ ಬೇರೆ, ಕಾಲು ಎತ್ತಿಸೋ ನರ ಬೇರೆ. ಫ್ಲೂ ಹೋದ ಮೇಲೆ ಅಪರೂಪಕ್ಕೆ ಹೀಗಾಗ್ತದೆ. ಇಲ್ಲೇ ಇಟ್ಕೊಂಡು ಉಸಿರು ನಿಲ್ಲದ ಹಾಗೆ ನೋಡ್ಕೊಂಡ್ರೆ ಕಾಲಿಗೆ ಬಲ ತಾನಾಗಿ ಬರ್ತದೆ, ತಿಂಗಳುಗಟ್ಟಲೆ ಹಿಡೀತದೆ.”

ಶಿವಗಂಗಮ್ಮ ಊರಿಗೆ ಮರಳಲಿಲ್ಲ. ವಾರ್ಡಿನ ಜಗಲಿಯಲ್ಲೇ ಉಳಿದು, ಡಾಕ್ಟರು ಕಲಿಸಿದಂತೆ ಬೆಳಿಗ್ಗೆ ಸಂಜೆ ಸೊಸೆಯ ಕಾಲು ಎತ್ತಿ ಮಡಿಸಿದಳು. ಎರಡನೇ ತಿಂಗಳು ಹೆಬ್ಬೆರಳು ಮಿಸುಕಿದ ದಿನ ಮಾತ್ರ ಬಾಯಿಬಿಟ್ಟಳು. “ಸುಟ್ಟ ಕೈ ಇದೇಯ ಕಣವ್ವ. ಬೈಯೋದಾದ್ರೆ ಬೈಯಿ... ಆಮೇಕೆ ಎಗಲು ಇಡ್ಕೊ.”

ಪುಟ್ಟತಾಯಮ್ಮ ಬೈಯಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. ನಿಲ್ಲಲು ಹೆಗಲು ಬೇಕಿತ್ತು, ಹಿಡಿದಳು.

ರಾಗಿ ಕಣಕ್ಕೆ ಬರುವ ಹೊತ್ತಿಗೆ ಅವಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳ ದಾಟಿದಳು. ಕಾಯಿಲೆಗೆ ಒಟ್ಟು ಹೋದದ್ದು ಆರು ತಿಂಗಳು, ಮತ್ತು ಎಡಗಾಲಿನ ಎರಡು ಬೆರಳುಗಳ ಬಲ.