ಕೊನೆ ಗೊತ್ತಿರುವ ಕಥೆಗಳು

"ನೀವು ಓದಿದ್ದನ್ನ ನೀವೇ ನಂಬ್ತಿಲ್ಲ. ಇನ್ನೊಂದ್ಸಲ ಓದಿ."

ಗಾಜಿನ ಆಚೆಯಿಂದ ಬಂದ ಆ ಮಾತಿಗೆ ಅವಳ ಮುಖ ಕೆಂಪಾಯಿತು. ಆಡಿಯೋ ಪುಸ್ತಕದ ಸ್ಟುಡಿಯೋದಲ್ಲಿ ಅದು ಅವಳ ಮೊದಲ ದಿನ. ಹೇಳಿದವನು ಸೌಂಡ್ ಇಂಜಿನಿಯರ್. ಸಣ್ಣ ಸದ್ದನ್ನೂ ಬಿಡದ ಅವನಿಗೆ ಅಲ್ಲಿ 'ಕಿವಿರಾಯ' ಎಂದೇ ಹೆಸರು.

ಓದಬೇಕಿದ್ದದ್ದು ಹಳೆಯ ಕಾಲದ ಪ್ರೇಮಕಾದಂಬರಿ. ಯುದ್ಧ ಗೆದ್ದು ಬಂದ ರಾಜಕುಮಾರ, ತೋಟದಲ್ಲಿ ನಿಂತ ಹುಡುಗಿಯನ್ನು ಕೇಳುತ್ತಾನೆ, "ನಿಮ್ಮ ಕೈ ಹಿಡಿಯಬಹುದೇ?"

ಅವಳ ಗಂಡ ಏನನ್ನೂ ಎಂದೂ ಹಾಗೆ ಕೇಳಿದವನಲ್ಲ. ಅವನ ಕೂಗಾಟದ ನಡುವೆ, ಅಡುಗೆಮನೆಯ ಮೂಲೆಯಲ್ಲಿ ಅವಳು ಇಂಥ ಪುಸ್ತಕಗಳನ್ನೇ ಓದುತ್ತಿದ್ದಳು. ಕೊನೆಗೆ ಸಂಸಾರ ಬಿಟ್ಟು ಅಣ್ಣನ ಮನೆ ಸೇರಿದಾಗ ಅತ್ತಿಗೆ ನಕ್ಕಿದ್ದರು, ರಾಣಿಯಮ್ಮ ಅರಮನೆ ಬಿಟ್ಟು ನಮ್ಮ ಹಜಾರಕ್ಕೆ ಬಂದಳು ಅಂತ.

ಆ ದಿನ ಅವಳು ಸಿಟ್ಟಿನಿಂದಲೇ ಮತ್ತೆ ಓದಿದಳು. ಮುಗಿಸಿದಾಗ ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

ತಿಂಗಳುಗಳು ಕಳೆದವು. ಅವಳ ಗಂಟಲಿಗೆಂದು ಅವನು ಬಿಸಿನೀರು ತಂದಿಡತೊಡಗಿದ. ಒಂದು ದಿನ ಕೇಳಿದ.

"ಈ ಕಾದಂಬರಿಗಳಲ್ಲಿ ಕೊನೆಗೆ ಎಲ್ಲಾ ಸರಿಹೋಗುತ್ತೆ ಅಂತ ಮೊದಲೇ ಗೊತ್ತಿರುತ್ತಲ್ಲ. ಆದ್ರೂ ಯಾಕೆ ಓದ್ತೀರಾ?"

"ಗೊತ್ತಿರೋದಕ್ಕೇ ಓದ್ತೀನಿ. ಒಂದು ಕಡೆಯಾದ್ರೂ ಹೆದರದೆ ಪುಟ ತಿರುಗಿಸಬಹುದಲ್ಲ..."

ಅಂದಿನಿಂದ ಅವಳ ಮನಸ್ಸು ಅವನ ಕಡೆ ವಾಲಿತು. ಒಂದು ಸಂಜೆ ಮೆಟ್ಟಿಲಿಳಿಯುತ್ತಿದ್ದ ಅವನ ಬೆನ್ನಿಗೆ, ಎದೆ ಗಟ್ಟಿಮಾಡಿಕೊಂಡು ಹೇಳಿದಳು.

"ನಮ್ಮಣ್ಣನ ಹತ್ರ ಬಂದು ಮಾತಾಡ್ತೀರಾ? ನಮ್ಮಿಬ್ಬರ ವಿಷಯ..."

ಅವನು ತಿರುಗಲಿಲ್ಲ, ನಿಲ್ಲಲೂ ಇಲ್ಲ. ಇಳಿದು ಹೋಗಿಯೇಬಿಟ್ಟ.

ಅವಳು ನಾಚಿಕೆಯಿಂದ ಕುಗ್ಗಿಹೋದಳು. ಗಂಟಲು ಸರಿಯಿಲ್ಲವೆಂದು ನೆಪ ಹೇಳಿ ಕೆಲಸ ಬಿಟ್ಟಳು. ಕಾದಂಬರಿ ತೆರೆದರೂ ಸಾಲುಗಳು ಸಪ್ಪೆ ಅನ್ನಿಸಿದವು. 'ಎಲ್ಲಾ ಸುಳ್ಳು...'

ಕೆಲವು ವಾರಗಳ ನಂತರ ಸ್ಟುಡಿಯೋ ಮಾಲೀಕರು ಫೋನ್ ಮಾಡಿದರು. ಕಿವಿರಾಯನೂ ಕೆಲಸ ಬಿಟ್ಟನಂತೆ. ಅವನ ಎರಡೂ ಕಿವಿ ಮಂದವಾಗುತ್ತಿದ್ದುದನ್ನು ವರ್ಷದಿಂದ ಮುಚ್ಚಿಟ್ಟಿದ್ದನಂತೆ. ಹೆಡ್‌ಫೋನಿನಲ್ಲಿ ದನಿ ಜೋರು ಮಾಡಿಕೊಂಡು ಹೇಗೋ ನಿಭಾಯಿಸುತ್ತಿದ್ದ. ಹಿಂದಿನಿಂದ ಕರೆದರೆ ಏನೂ ಕೇಳುತ್ತಿರಲಿಲ್ಲ.

ಅವಳು ಫೋನ್ ಹಿಡಿದೇ ಕುಳಿತುಬಿಟ್ಟಳು. ಹಾಗಾದರೆ ಮೆಟ್ಟಿಲ ಮೇಲೆ ಆಡಿದ ಮಾತು ಅವನನ್ನು ತಲುಪಿಯೇ ಇರಲಿಲ್ಲ!

ಮರುದಿನ ಅವಳು ಅವನ ಮನೆಗೆ ಹೋದಳು. ಅವನ ಅಕ್ಕ ಬಾಗಿಲು ತೆರೆದು, ಒಳಗಿನ ಕೋಣೆ ತೋರಿಸಿದರು. ಅವನೆದುರು ಕುಳಿತು ಅದೇ ಮಾತನ್ನು ನಿಧಾನವಾಗಿ ಮತ್ತೆ ಹೇಳಿದಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ.

"ಇದು ನಿಮ್ಮ ಕಾದಂಬರಿ ಅಲ್ಲ," ಎಂದ. "ಈ ಕಿವಿ ವಾಸಿಯಾಗಲ್ಲ ಅಂದಿದಾರೆ ಡಾಕ್ಟರು. ಸ್ವಲ್ಪ ದಿನಕ್ಕೆ ನಿಮ್ಮ ದನಿಯೂ ನನಗಿರಲ್ಲ."

ವಾಸಿಯಾಗುತ್ತೆ ಎನ್ನಲು ಅವಳು ಬಾಯಿ ತೆರೆದಳು. ಆಗಲಿಲ್ಲ. ಆ ಪುಸ್ತಕಗಳಲ್ಲಿ ಕುರುಡನಿಗೂ ಕಣ್ಣು ಬರುತ್ತಿತ್ತು. ಇಲ್ಲಿ ಯಾರೂ ಏನನ್ನೂ ಸರಿಮಾಡುವವರಿಲ್ಲ. ಅವಳಿಗೆ ಅಳು ಬಂತು. ಎದ್ದು ಹೋಗಲು ಮಾತ್ರ ಮನಸ್ಸಾಗಲಿಲ್ಲ.

"ಇವತ್ತು ಕೇಳಿಸುತ್ತಾ?"

"ಬಲಗಿವಿಗೆ... ಸ್ವಲ್ಪ."

ಅವಳು ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡಳು.

"ಏನು ಓದ್ತೀರಾ?" ಎಂದು ಕೇಳಿದ.

"ಓದಲ್ಲ. ಮೊದಲು ಬೈಯಬೇಕು ನಿಮ್ಮನ್ನ. ನನಗೊಂದು ಮಾತು ಹೇಳಬಾರದಿತ್ತಾ?"

ಅವನು ಕಣ್ಣು ಮುಚ್ಚಿ ತಲೆ ವಾಲಿಸಿದ.

"ಬೈಯಿರಿ. ಇನ್ನೂ ಸ್ವಲ್ಪ ಹತ್ತಿರ ಬಂದು ಬೈಯಿರಿ."