ಮೂರನೇ ಮಹಡಿಯ ಕಿವಿ

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬನೇ ಕೂರಲು ಒಂದು ಕೋಣೆ ಇರಲಿಲ್ಲ. ಮೂರನೇ ಮಹಡಿಯ ಅವನ ಮನೆಯೆಂದರೆ ಹತ್ತಡಿಗೆ ಹನ್ನೆರಡಡಿ. ಅದರಲ್ಲೇ ಒಲೆ, ಅದರಲ್ಲೇ ಮಂಚ, ಅದರಲ್ಲೇ ಪುಸ್ತಕ ಒತ್ತುವ ಪ್ರೆಸ್ಸು. ಕಾರಿಡಾರಿನ ಬಾಗಿಲು ಹಗಲೆಲ್ಲ ತೆರೆದೇ ಇರಬೇಕು, ಇಲ್ಲದಿದ್ದರೆ ಬೆಳಕಿಲ್ಲ. ಚಿಲಕ ಹಾಕಿ ಕೂರಬಹುದಾದದ್ದು ಬಚ್ಚಲಲ್ಲಿ ಮಾತ್ರ. ಆ ಬಚ್ಚಲಲ್ಲೇ ಅವನು ಸತ್ತ.

ಬಾಗಿಲು ಒಡೆದವನು ಪೈಪಣ್ಣ. ನಲವತ್ತೆಂಟು ಮನೆಗಳ ಆ ಕಟ್ಟಡಕ್ಕೆ ಅವನೊಬ್ಬನೇ ಪ್ಲಂಬರ್. ಬೆಳಗ್ಗೆ ಏಳೂವರೆಗೆ ಬೈಂಡರನ ಹೆಂಡತಿ ಕೂಗಿಕೊಂಡಾಗ ಅವನು ಎರಡನೇ ಮಹಡಿಯಲ್ಲಿ ನಲ್ಲಿ ಬಿಚ್ಚುತ್ತಿದ್ದ. ಓಡಿದ, ಭುಜ ಕೊಟ್ಟು ಗುದ್ದಿದ, ಉರಿಯುತ್ತಿದ್ದ ಗ್ಯಾಸ್ ಗೀಸರ್ ಆರಿಸಿದ. ಮೇಲೆ ನೋಡಿದರೆ ಗೋಡೆಯ ಗಂಡಿಯಲ್ಲಿ ಏನೋ ತುರುಕಿತ್ತು. ಕೈ ಚಾಚಿ ಕಿತ್ತು ಕಾರಿಡಾರಿಗೆ ಎಸೆದ. ಆಮೇಲೆ ಆಂಬುಲೆನ್ಸಿನಲ್ಲಿ ಹೆಣದ ಜೊತೆಗೂ ಹೆಂಡತಿಯ ಜೊತೆಗೂ ಆಸ್ಪತ್ರೆಗೆ ಹೋದ. ಗೀಸರ್ ಕೂರಿಸಿದವನು ತಾನೇ ಎಂಬುದೊಂದೇ ಅವನ ತಲೆಯಲ್ಲಿತ್ತು. ಮಧ್ಯಾಹ್ನ ಎರಡಕ್ಕೆ ಅವಳನ್ನು ಮನೆಗೆ ಬಿಟ್ಟು ಕೆಳಗಿಳಿದ.

ಕೆಳಗಿನ ಒಂದನೇ ನಂಬರಿನಲ್ಲಿ ನಕ್ಷೆಯಮ್ಮ ಇದ್ದರು. ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದವರು. ಈ ಕಟ್ಟಡದ ನಕ್ಷೆಯೂ ಅವರ ಕೈಯದೇ. ಯಾರ ಮನೆಯ ಸೋರಿಕೆ ಯಾರ ಗೋಡೆಯಲ್ಲಿ ಇಳಿಯುತ್ತಿದೆ, ಛಾವಣಿಯಿಂದ ಕದ್ದ ಸೀರೆ ಯಾವ ಮಹಡಿಯಲ್ಲಿದೆ, ಎಲ್ಲ ಪಂಚಾಯಿತಿಯೂ ಅವರ ಹತ್ತಿರವೇ ಬರುತ್ತಿತ್ತು. ಅಳತೆಪಟ್ಟಿ ಹಿಡಿದು ಹೋಗುವುದು ಪೈಪಣ್ಣನ ಕೆಲಸ.

ಅವನು ಒಳಗೆ ಕಾಲಿಡುವಷ್ಟರಲ್ಲಿ ಹಾಸಿಗೆಯವನ ಹೆಂಡತಿ ಅಲ್ಲಿ ನೆಲಕ್ಕೆ ಕುಸಿದಿದ್ದಳು. ಹತ್ತಿ ತುಂಬಿ ಹಾಸಿಗೆ ಹೊಲಿಯುವ ಅವನದು ಬೈಂಡರನ ಪಕ್ಕದ ಮನೆ.

"ಪೊಲೀಸರು ಐದು ಗಂಟೆಗೆ ಬಂದು ಇವರನ್ನ ಕರ್ಕೊಂಡು ಹೋಗ್ತಾರಂತಮ್ಮ. ಉಸಿರುಗಟ್ಟಿಸಿ ಕೊಲೆ ಅಂತೆ. ಇವರು ಯಾವತ್ತಾದ್ರೂ ಒಂದು ತಿಗಣೆ ಕೊಂದಿದ್ದು ನಾನು ನೋಡಿಲ್ಲ. ಹಾಸಿಗೆ ಕೆಲಸದವರು, ತಿಗಣೆ ಕೂಡ ಕೊಲ್ಲಲ್ಲ!"

"ಅವನ ಮೇಲೇ ಯಾಕೆ ಅನುಮಾನ?" ನಕ್ಷೆಯಮ್ಮ ಕೇಳಿದರು.

"ಬಾಯಿ. ಇವರ ಬಾಯಿ. ಬೈಂಡರ್ ದಿನಾ ಬೆಳಗ್ಗೆ ಸ್ನಾನ ಮಾಡ್ತಾ ರಾಗ ಎಳೀತಿದ್ರಲ್ಲ, 'ಶುರುವಾಯ್ತು ಕಚೇರಿ, ಒಂದಿನ ಆ ಕಿವಿಗೆ ಹತ್ತಿ ತುರುಕ್ತೀನಿ' ಅಂತ ಇಡೀ ಮಹಡಿ ಎದುರಿಗೇ ಅಂದುಬಿಟ್ರು. ಈಗ ನಮ್ಮ ಬಾಗಿಲ ಮುಂದೆನೇ ಹತ್ತಿ ಗಂಟು ಸಿಕ್ಕಿದೆ. ನಮ್ಮದೇ ಹತ್ತಿ. ಆರು ತಿಂಗಳಿಂದ ಇವರಿಬ್ಬರಿಗೆ ಮಾತಿಲ್ಲ, ಇವರು ಆ ಮನೆ ಹೊಸ್ತಿಲು ತುಳಿದಿಲ್ಲ. ನಾವು ಹೆಂಗಸರು ಮಾತ್ರ ಚೆನ್ನಾಗಿದ್ವಿ. ದಿಂಬಿಗೆ ಅಂತ ಹತ್ತಿ ಕೇಳಿದ್ರೆ ಇಲ್ಲ ಅಂದಿದ್ದೀನಾ ನಾನು?"

"ಅದನ್ನ ಅಲ್ಲಿ ಎಸೆದದ್ದು ನಾನು," ಎಂದ ಪೈಪಣ್ಣ. "ಬಚ್ಚಲಿನ ಒಳಗಿಂದ ಕಿತ್ತೆ."

ನಕ್ಷೆಯಮ್ಮ ಕನ್ನಡಕ ಹುಡುಕಿಕೊಂಡು ಎದ್ದರು. "ಪಟ್ಟಿ ತಗೋ."

ಆ ಕಟ್ಟಡದ ಪ್ರತಿ ಬಚ್ಚಲಿಗೂ ಕಾರಿಡಾರಿನ ಕಡೆಗೆ ಇಟ್ಟಿಗೆ ಗಾತ್ರದ ಒಂದು ಗಂಡಿ. ಒಳಗಿನ ಕೆಮ್ಮು, ಬೈಗುಳ, ಚೊಂಬಿನ ಸದ್ದು ಎಲ್ಲ ಅದರಿಂದ ಹೊರಗೆ ಬರುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅದು 'ಕಿವಿ'. ಪೈಪಣ್ಣನ ಬಾಯಲ್ಲೂ.

ಕಾರಿಡಾರಿನಲ್ಲಿ ಸ್ಟೂಲು ಹಾಕಿ ಹತ್ತಿದ. ಕಿವಿಗೆ ಹೊರಗಡೆಯಿಂದ ಇಲಿ ಬಾರದಂತೆ ಕಬ್ಬಿಣದ ಜಾಲರಿ. ನಾಲ್ಕು ಸ್ಕ್ರೂಗಳ ಮೇಲೂ ಹಳೆಯ ಬಣ್ಣ ಒಡೆಯದೆ ಕೂತಿತ್ತು. ಜಾಲರಿಯ ಕಣ್ಣುಗಳಲ್ಲಿ ಕಿರುಬೆರಳೂ ತೂರುತ್ತಿರಲಿಲ್ಲ.

ಕಾವಲಿದ್ದ ಕಾನ್‌ಸ್ಟೇಬಲ್ ಹತ್ತಿ ಗಂಟನ್ನು ತೋರಿಸಲು ಸ್ವಲ್ಪ ಬಿಗುಮಾನ ಮಾಡಿದ. "ಮುಟ್ಟಲ್ಲಪ್ಪ, ನೋಡ್ತೀನಿ ಅಷ್ಟೇ. ನೋಡಿದ್ರೆ ಸವೆಯುತ್ತಾ?" ಎಂದರು ನಕ್ಷೆಯಮ್ಮ.

ಅದು ಗಂಟಲ್ಲ. ಒಂಬತ್ತು ಇಂಚಿಗೆ ಮೂರು ಇಂಚಿನ ಪುಟ್ಟ ದಿಂಬು, ಗಂಡಿಯ ಅಳತೆಗೆ ಸರಿಯಾಗಿ. ದಪ್ಪ ಬಟ್ಟೆ, ಮೇಣ ಸವರಿದ ದಾರ. ಪ್ರತಿ ಸಾಲಿನ ಕೊನೆಗೂ ದಾರವನ್ನು ಹಿಂದಿನ ಸಾಲಿಗೆ ಸಿಕ್ಕಿಸಿ ಒಂದು ಗಂಟು. ನಕ್ಷೆಯಮ್ಮ ಆ ಗಂಟುಗಳನ್ನು ತುಂಬ ಹೊತ್ತು ನೋಡಿದರು.

ಬೈಂಡರನ ಹೆಂಡತಿ ಮಂಚದ ತುದಿಯಲ್ಲಿ ಕೂತಿದ್ದಳು. ಮೇಜಿನ ಮೇಲೆ ಅವಳು ಹೊಲಿದಿಟ್ಟ ಪುಟಗಳ ಕಟ್ಟು. ಅವನ ಬಲತೋರುಬೆರಳಿನ ಅರ್ಧವನ್ನು ಕಾಗದ ಕತ್ತರಿಸುವ ಯಂತ್ರ ಎಂದೋ ತಿಂದಿತ್ತು. ಅಂದಿನಿಂದ ಕತ್ತರಿಸುವುದು, ಅಂಟಿಸುವುದು ಅವನು. ಸೂಜಿ ಕೆಲಸ ಪೂರಾ ಅವಳದು. ಗೋಡೆಯಲ್ಲಿ ಮಗಳ ಫೋಟೋ.

"ಮಗು ಹೋಗಿ ಎಷ್ಟಾಯ್ತು ತಾಯಿ?"

"ಇವತ್ತಿಗೆ ವರ್ಷ."

ನಕ್ಷೆಯಮ್ಮ ಬಚ್ಚಲಿಗೆ ಹೋಗಿ ನೆಲದಿಂದ ಗಂಡಿಗೆ ಅಳೆಸಿದರು: ಆರಡಿ ಎಂಟಿಂಚು. ಬೈಂಡರ್ ಎತ್ತರದ ಆಳು, ನಿಂತಲ್ಲೇ ಕೈಗೆ ಸಿಗುತ್ತಿತ್ತು. ಮೂಲೆಯಲ್ಲಿ ಕಬ್ಬಿಣದ ಬಕೆಟ್ಟು ಬೋರಲಾಗಿತ್ತು. ಅದರ ತಳದ ಮೇಲೆ ಉದುರಿದ ಸುಣ್ಣ. ಸುಣ್ಣದಲ್ಲಿ ಐದು ಸಣ್ಣ ಬೆರಳುಗಳ ಒಂದು ಪಾದದ ಗುರುತು. ಬಾಗಿಲ ಬುಡಕ್ಕೆ ಜಿರಲೆ ಬಾರದಂತೆ ಹೊಡೆದ ರಬ್ಬರ್ ಪಟ್ಟಿ. ಆ ಪಟ್ಟಿ ಎಲ್ಲರ ಮನೆಯಲ್ಲೂ ಇತ್ತು.

ಮೆಟ್ಟಿಲ ತಿರುವಿನಲ್ಲಿ ಪೈಪಣ್ಣ ನಿಂತುಬಿಟ್ಟ. ಅವನಿಗೂ ಅರ್ಥವಾಗಿತ್ತು.

"ಅಮ್ಮ, ಗೀಸರ್ ಕೆಟ್ಟಿತ್ತು ಅಂತ ಹೇಳಿಬಿಡಿ. ನನ್ನ ಮೇಲೆ ಹಾಕಿ. ಕೆಲಸ ಹೋದ್ರೆ ಹೋಗ್ಲಿ. ಆಯಮ್ಮನಿಗೆ ಇದು ಗೊತ್ತಾಗೋದು ಬೇಡ."

"ಗೀಸರ್ ಕೆಟ್ಟಿತ್ತಾ?"

"ಇಲ್ಲ."

"ಮತ್ತೆ? ಹಾಸಿಗೆಯವನು ಉಳೀತಾನೆ, ನೀನು ಹೋಗ್ತೀಯ. ನಾಳೆ ಎಲ್ಲರೂ ಹೊಸ ಗೀಸರ್ ತಂದು ನಿಶ್ಚಿಂತೆಯಾಗಿ ಕಿವಿಗೆ ಬಟ್ಟೆ ತುರುಕ್ತಾರೆ. ನಲವತ್ತೆಂಟು ಮನೆ ಕಣೋ. ಎಷ್ಟು ಹೆಣ ಹೊರ್ತೀಯ?"

ಆ ಮಾತು ಆಡಿ ನಕ್ಷೆಯಮ್ಮನಿಗೂ ಸಮಾಧಾನವಾದಂತೆ ಕಾಣಲಿಲ್ಲ. ಕಂಬಿ ಹಿಡಿದುಕೊಂಡೇ ಇಳಿದರು.

ಐದಕ್ಕೆ ಇನ್ಸ್‌ಪೆಕ್ಟರ್ ಬಂದ. ಮೂರನೇ ಮಹಡಿಯವರೆಲ್ಲ ಕಾರಿಡಾರಿನಲ್ಲಿ ಸೇರಿದ್ದರು. ಹಾಸಿಗೆಯವನ ಅಂಗಿಯ ಮೇಲೆ ಇನ್ನೂ ಹತ್ತಿಯ ಎಳೆಗಳು ಅಂಟಿದ್ದವು. ನಕ್ಷೆಯಮ್ಮನೇ ಹೋಗಿ ಬೈಂಡರನ ಹೆಂಡತಿಯ ಕೈ ಹಿಡಿದು ತಂದು ತಮ್ಮ ಪಕ್ಕ ಕುರ್ಚಿಯಲ್ಲಿ ಕೂರಿಸಿದರು.

"ಇನ್ಸ್‌ಪೆಕ್ಟರೇ, ಜಾಲರಿ ನೋಡಿ. ಸ್ಕ್ರೂ ಅಲುಗಿಲ್ಲ, ಬಣ್ಣ ಒಡೆದಿಲ್ಲ. ಹೊರಗಿಂದ ಒಂದೆಳೆ ಹತ್ತಿ ತುರುಕೋಕಾಗಲ್ಲ. ಈ ದಿಂಬು ಬಿದ್ದದ್ದು ಇವನ ಬಾಗಿಲಲ್ಲಿ, ಎಸೆದವನು ನಮ್ಮ ಪ್ಲಂಬರ್. ಇವನು ಆ ಮನೆಗೆ ಕಾಲಿಟ್ಟು ಆರು ತಿಂಗಳಾಯ್ತು, ಬಾಗಿಲು ತೆಗೆದೇ ಇರೋ ಮನೆ, ಇಡೀ ಮಹಡಿ ಸಾಕ್ಷಿ."

"ಹತ್ತಿ ಇವನದೇ ಅಲ್ವಾ?" ಎಂದ ಇನ್ಸ್‌ಪೆಕ್ಟರ್.

"ಹತ್ತಿ ಇವನದು, ಹೊಲಿಗೆ ಇವನದಲ್ಲ. ಅವನ ಹಾಸಿಗೆ ನೋಡಿ, ಗೇಣುದ್ದ ಸೂಜಿಯಲ್ಲಿ ಉದ್ದುದ್ದ ಹಾಕ್ತಾನೆ. ಇದು ಪುಸ್ತಕದ ಹೊಲಿಗೆ. ಒಂದು ಕಟ್ಟು ಪುಟ ಮುಗಿದಾಗ ಹಿಂದಿನ ಕಟ್ಟಿಗೆ ಗಂಟು ಹಾಕ್ತಾರಲ್ಲ, ಅದು."

"ಹಾಗಾದ್ರೆ ಸತ್ತವನೇ ಮಾಡ್ಕೊಂಡ. ಆತ್ಮಹತ್ಯೆ."

"ಅವನ ಬೆರಳು ಸೂಜಿ ಹಿಡಿಯೋ ಬೆರಳಲ್ಲ. ಗಂಡಿ ಮುಟ್ಟೋಕೆ ಅವನಿಗೆ ಬಕೆಟ್ ಬೋರಲು ಹಾಕೋದೂ ಬೇಕಿಲ್ಲ. ಬಕೆಟ್ ಮೇಲಿರೋ ಪಾದ ಹೆಂಗಸಿನದು."

ಎಲ್ಲರ ಕಣ್ಣೂ ಕುರ್ಚಿಯ ಕಡೆ ತಿರುಗಿತು. ಬೈಂಡರನ ಹೆಂಡತಿ ತಲೆ ಎತ್ತಿದಳು.

"ಕಿವಿ ಮುಚ್ಚಿದ್ದು ನಾನೇ," ಎಂದಳು. "ಮೊನ್ನೆ ಹತ್ತಿ ತಂದೆ, ನಿನ್ನೆ ಸಂಜೆ ಹೊಲಿದೆ, ಇವತ್ತು ಅವರು ಏಳೋ ಮುಂಚೆ ಇಟ್ಟೆ. ಯಾಕೆ, ಕಿವಿ ಮುಚ್ಚಿದ್ರೆ ಮನುಷ್ಯ ಸಾಯ್ತಾನಾ?"

ಪೈಪಣ್ಣ ಗೋಡೆಯ ಕಡೆ ಮುಖ ಮಾಡಿದ.

ನಕ್ಷೆಯಮ್ಮ ಅವಳ ಕೈ ಬಿಡಲಿಲ್ಲ. "ಅದು ಕಿವಿ ಅಲ್ಲ ತಾಯಿ. ನಾನು ನಕ್ಷೆಯಲ್ಲಿ ಗಾಳಿಗಂಡಿ ಅಂತ ಬರೆದಿದ್ದೆ. ಗೀಸರ್ ಉರಿಯೋವಾಗ ಬರೋ ಕೆಟ್ಟ ಗಾಳಿ ಹೋಗೋಕೆ, ಒಳ್ಳೆ ಗಾಳಿ ಬರೋಕೆ ಇದ್ದದ್ದು ಅದೊಂದೇ. ಜನ ಕಿವಿ ಅಂದ್ರು, ನಾನೂ ನಕ್ಕು ಸುಮ್ಮನಾದೆ. ಮೂಗು ಅಂದಿದ್ರೆ ನೀನು ಮುಚ್ತಿರಲಿಲ್ಲ."

ಅವಳು ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು.

"ಅವರು ಹಾಡ್ತಿರಲಿಲ್ಲ," ಎಂದಳು. "ಅಳ್ತಿದ್ರು. ಒಂದು ವರ್ಷದಿಂದ ದಿನಾ. ನಲ್ಲಿ ಬಿಟ್ಟುಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು. ಅದು ಹೊರಗೆ ಹಾಡಿನ ಹಾಗೆ ಕೇಳಿಸ್ತಿತ್ತು. ಇವರೆಲ್ಲ ಕಚೇರಿ ಅಂತ ನಗೋರು. ಆ ನಗು ಅವರಿಗೂ ಕೇಳಿಸ್ತಿತ್ತು. ಇವತ್ತು ಒಂದಿನ ಆದ್ರೂ ಜೋರಾಗಿ ಅಳ್ಲಿ ಅಂತ ಮುಚ್ಚಿದೆ. 'ಯಾರಿಗೂ ಕೇಳಿಸಲ್ಲ, ಹೋಗಿ' ಅಂದೆ."

ಹಾಸಿಗೆಯವನು ಕಾರಿಡಾರಿನ ನೆಲದ ಮೇಲೆ ಕೂತುಬಿಟ್ಟ. "ಹಾಡಲ್ವಾ ಅದು?" ಎಂದ.

"ಬಾಯಿ ಬಿಟ್ಟು ಅತ್ರು," ಎಂದಳು ಬೈಂಡರನ ಹೆಂಡತಿ. "ಮಗಳ ಹೆಸರು ಹಿಡಿದು ಕೂಗಿದ್ರು. ನಾನು ಬಾಗಿಲಿಗೆ ಒರಗಿ ಕೂತಿದ್ದೆ. ಆಮೇಲೆ ನಿಲ್ತು. ಹಗುರಾದ್ರು ಅಂದ್ಕೊಂಡೆ. ಕರೀಬಾರ್ದು, ಸ್ವಲ್ಪ ಹೊತ್ತು ಹಾಗೇ ಇರ್ಲಿ ಅಂತ ಸುಮ್ಮನೆ ಕೂತೆ. ಕೂತೇ ಇದ್ದೆ."

ಇನ್ಸ್‌ಪೆಕ್ಟರ್ ಪುಸ್ತಕ ಮಡಚಿದ. ಆಕಸ್ಮಿಕ ಎಂದು ಬರೆಯುವುದಾಗಿ ಹೇಳಿ, ಹಾಸಿಗೆಯವನ ಭುಜ ತಟ್ಟಿ ಹೊರಟ. ಹಾಸಿಗೆಯವನಿಗೆ ಅದು ತಿಳಿದಂತೆಯೂ ಕಾಣಲಿಲ್ಲ. ಅವನ ಹೆಂಡತಿ, ಬೆಳಗ್ಗಿನಿಂದ ಗಂಡನಿಗಾಗಿ ಅತ್ತವಳು, ಹೋಗಿ ಆ ಕುರ್ಚಿಯ ಕಾಲ ಹತ್ತಿರ ಕೂತಳು.

ಕೆಳಗೆ ಬಂದ ಮೇಲೆ ನಕ್ಷೆಯಮ್ಮ ದೀಪ ಹಾಕಲಿಲ್ಲ. "ಒಲೆಗೆ ಜಾಗ ಬಿಟ್ಟೆ, ಬಟ್ಟೆ ಒಣಗಿಸೋಕೆ ಬಿಟ್ಟೆ, ಸೈಕಲ್ಲಿಗೂ ಬಿಟ್ಟೆ ಕಣೋ," ಎಂದರು. "ಒಬ್ಬರೇ ಕೂತು ಅಳೋಕೆ ಒಂದು ಮೂಲೆ ಬಿಡಲಿಲ್ಲ."

ಮರುದಿನ ಅವನು ಬೆಳಗ್ಗಿನಿಂದ ಸಂಜೆಯವರೆಗೆ ಎಲ್ಲ ಬಚ್ಚಲುಗಳನ್ನೂ ನೋಡಿದ. ಹನ್ನೊಂದರಲ್ಲಿ ಗಂಡಿ ಮುಚ್ಚಿತ್ತು: ಹಳೆಯ ಪೇಪರ್, ಪ್ಲಾಸ್ಟಿಕ್ ಚೀಲ, ಒಂದರಲ್ಲಿ ಮಡಚಿದ ಶಾಲು. ಯಾಕೆ ಮುಚ್ಚಿದಿರಿ ಎಂದು ಅವನು ಯಾರನ್ನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಲ್ಲವನ್ನೂ ಕಿತ್ತು ಗೋಣಿಚೀಲಕ್ಕೆ ಹಾಕಿಕೊಂಡ. ಬೈಂಡರನ ಹೆಂಡತಿ ಎರಡು ವಾರದ ನಂತರ ಅಣ್ಣನ ಮನೆಗೆ ಹೋದಳು. ಪ್ರೆಸ್ಸು ಭಾರ, ಅದನ್ನು ಒಯ್ಯಲಿಲ್ಲ.

ಬೈಂಡರನ ಮನೆಯಲ್ಲಿ ಮೂರು ಜನ ಇದ್ದರು. ಮಗಳಿಗೆ ಹದಿನೇಳು ವರ್ಷ, ಅಪ್ಪನಿಗೆ ಐವತ್ತೊಂದು. ಒಂದೇ ವರ್ಷದಲ್ಲಿ ಇಬ್ಬರೂ ಹೋದರು.