ಕಾತ್ಯಾಯಿನಿಯ ಕೊನೆಯ ಸ್ವರ

"ನನ್ನ ಕೊನೆಯ ಸ್ವರ ಎಲ್ಲಿ ಹೋಯ್ತು?!"

ಕಾತ್ಯಾಯಿನಿ ಸ್ವರಹಾಳೆಯನ್ನು ಪಿಯಾನೋ ಮೇಲೆ ಬಡಿದಳು. ಡಗ್ಲಸ್ ಎಂಬ ಆ ವಿದೇಶಿ ಊರಿನ ಚರ್ಚ್ ಹಾಲಿನಲ್ಲಿ ತಾಲೀಮಿನ ನಡುವೆ ಟೀ ಕುಡಿಯುತ್ತಿದ್ದ ಗಾಯಕರೆಲ್ಲ ತಿರುಗಿ ನೋಡಿದರು.

ಸಂಜೆ ಹೊಸ ಆಪೆರಾದ ಮೊಟ್ಟಮೊದಲ ಪ್ರದರ್ಶನ. ಕಡಲ ದಂಡೆಯಲ್ಲಿ ಗಂಡನಿಗಾಗಿ ಕಾಯುವ ಹೆಂಡತಿಯ ಪಾತ್ರ ಅವಳದು. ಆ ಪಾತ್ರವನ್ನು ಜಗತ್ತಿನಲ್ಲಿ ಇನ್ನೂ ಯಾರೂ ಹಾಡಿಲ್ಲ. ಇವತ್ತು ಅವಳು ಹಾಡಿದಂತೆಯೇ ಅಚ್ಚಾಗುತ್ತದೆ. ಮುಂದೆ ಬರುವವರೆಲ್ಲ ಅದನ್ನೇ ಹಾಡಬೇಕು.

ಅಂಥದ್ದರಲ್ಲಿ, ತಿಂಗಳುಗಟ್ಟಲೆ ಗಂಟಲು ಸವೆಸಿ ಪಳಗಿಸಿಕೊಂಡ ಕೊನೆಯ ಎತ್ತರದ ಸ್ವರವೇ ಮಾಯ! ಅದರ ಜಾಗದಲ್ಲಿ ಒಂದು ಪುಟ್ಟ, ತಗ್ಗಿನ ಸ್ವರ.

"ನೋರಾಗೆ ನಾನೇ ಹೇಳ್ದೆ," ಎಂದ ಶ್ರೀಹರ್ಷ ಮೆಲ್ಲಗೆ. ನೋರಾ ಈ ಆಪೆರಾ ಬರೆದಾಕೆ. ಮೈಸೂರಿನ ಶ್ರೀಹರ್ಷ ಅದಕ್ಕೆ ಪಿಯಾನೋ ನುಡಿಸುವವನು.

"ಇವಳ ಕೈಲಾಗಲ್ಲ ಅಂತ ಹೇಳಿದ್ರಾ, ಮಿಸ್ಟರ್ ಶ್ರೀಹರ್ಷ?"

ನಿನ್ನೆವರೆಗೂ 'ಹರ್ಷ, ಟೀ ತಾರೋ' ಎನ್ನುತ್ತಿದ್ದವಳು... ಇವತ್ತು ಮಿಸ್ಟರ್!

"ಹಾಗಲ್ಲ ಕಾತ್ಯಾ..."

ಅವಳು ನಿಲ್ಲಲಿಲ್ಲ.

ಮಧ್ಯಾಹ್ನವೆಲ್ಲ, ಪ್ರದರ್ಶನವಿದ್ದ ರಂಗಮಂದಿರದ ಹಿಂದಿನ ಕೋಣೆಯಲ್ಲಿ ಅಂಗಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಶಾಲು ಬಿಚ್ಚಿದಳು, ಮತ್ತೆ ಸುತ್ತಿದಳು. ಕಿಟಕಿಯಾಚೆ ಹೊಸ ಕಟ್ಟಡಗಳ ಕ್ರೇನುಗಳು ತಿರುಗುತ್ತಲೇ ಇದ್ದವು.

ಬೇರೆಯವರ ಮಾತಿರಲಿ... ಅವನೂ ನನ್ನನ್ನು ನಂಬಲಿಲ್ಲವಾ?

ನೋರಾ ಬಂದು ಪಕ್ಕದಲ್ಲಿ ಕೂತಳು.

"ಮೊನ್ನೆ ತಾಲೀಮಲ್ಲಿ ನನ್ನ ಮಗು ರಚ್ಚೆ ಹಿಡಿದಾಗ ನೀನೇನು ಹಾಡ್ದೆ, ನೆನಪಿದೆಯಾ?"

ನೆನಪಿತ್ತು. ಇದೇ ಕೊನೆಯ ಸಾಲನ್ನು, ದನಿ ತಗ್ಗಿಸಿ, ಗುನುಗಿದ್ದಳು.

"ಚರ್ಚ್ ಹಾಲ್ ಪೂರ್ತಿ ಗಪ್‌ಚುಪ್! 'ಆ ಹೆಂಡತಿ ಕೂಗಲ್ಲ, ಹೀಗೇ ಹಾಡ್ತಾಳೆ' ಅಂದ ನಿನ್ನ ಹರ್ಷ. ಮೊದಲು ಹಾಡೋರ ಗಂಟಲಿಗೆ ತಕ್ಕ ಹಾಗೆ ಹಾಡನ್ನ ತಿದ್ದೋದು ನಮ್ಮಲ್ಲಿ ವಾಡಿಕೆ. ಆದ್ರೆ ನಿನ್ನ ಕೇಳ್ದೆ ತಿದ್ದಿದ್ದು ತಪ್ಪು. ಯಾವ ಸ್ವರ ಬೇಕೋ ಅದನ್ನೇ ಹಾಡು. ಅಚ್ಚಾಗೋದೂ ಅದೇ."

ನಿನ್ನ ಹರ್ಷ! ಅವಳು ಶಾಲನ್ನು ಮುಖದವರೆಗೂ ಎಳೆದುಕೊಂಡಳು.

ಸಂಜೆ, ತುಂಬಿದ ಸಭೆ. ಕೊನೆಯ ಸಾಲು ಬಂದೇ ಬಿಟ್ಟಿತು. ಕೆಳಗೆ ವಾದ್ಯಗಾರರ ನಡುವೆ ಹರ್ಷ ಪಿಯಾನೋ ಮೇಲಿಂದ ಕೈ ಎತ್ತಿ ಕಾಯುತ್ತಿದ್ದ. ಕಣ್ಣಲ್ಲೂ ಒಂದು ಸೂಚನೆ ಕೊಡಲಿಲ್ಲ. ಅವಳು ಉಸಿರೆಳೆದಾಗ... ಅವನೂ ಎಳೆದ.

ಮೇಲಕ್ಕಾ? ಕೆಳಕ್ಕಾ?

ಅವಳು ಕೆಳಗಿಳಿದಳು, ಅಳುವ ಮಗುವಿನತ್ತ ಬಾಗಿದಂತೆ.

ಹರ್ಷನ ಪಿಯಾನೋ ಅವಳ ಜೊತೆಗೇ ಇಳಿಯಿತು. ಆಮೇಲೆ ಚಪ್ಪಾಳೆ ನಿಲ್ಲಲಿಲ್ಲ.

ಪರದೆಯ ಹಿಂದೆ ಅವನು ತಲೆ ತಗ್ಗಿಸಿ ನಿಂತಿದ್ದ.

"ನಾನು ಮೇಲಕ್ಕೆ ಹೋಗಿದ್ರೆ ಏನು ಮಾಡ್ತಿದ್ದೆ?"

"ಜೊತೆಗೆ ಬರ್ತಿದ್ದೆ."

"ಮತ್ತೆ ನನ್ನನ್ನೇ ಯಾಕೋ ಕೇಳ್ಲಿಲ್ಲ?"

"ಆ ದನಿ ದಿನಾ ಕೇಳ್ಬೇಕು ಅನ್ಸಿತ್ತು ಕಾತ್ಯಾ... ಜೀವನ ಪೂರ್ತಿ. ನಿನ್ನ ಹತ್ರ ಬಾಯಿ ಬಿಟ್ರೆ ಆ ಮಾತೂ ಹೊರಗೆ ಬಂದ್ಬಿಡುತ್ತೇನೋ ಅಂತ ಹೆದರಿ ನೋರಾಗೆ ಹೇಳ್ದೆ."

"ದಡ್ಡ! ಇನ್ಮೇಲೆ ಏನೇ ಬದಲಾಯ್ಸೋದಿದ್ರೂ ಮೊದ್ಲು ನನ್ನ ಕೇಳ್ಬೇಕು."

"ನಿನ್ನ ಮನೆ ಅಡ್ರೆಸ್ ಬದಲಾಯ್ಸಬಹುದಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅಮ್ಮನಿಗೆ ನೀನೇ ಫೋನ್ ಮಾಡಿ ಹೇಳ್ತೀಯಾ?"

"ಈಗ್ಲೇ!"

"ಹಾಗಾದ್ರೆ... ಈ ಊರಿನವರು ಒಪ್ಪಿಗೆಗೆ ಹೇಳೋ ಹಾಗೆ, ಗ್ರ್ಯಾಂಡ್."